ಒಪ್ಪೋಲೆ

ಮುನ್ನೂರು ಪ್ರತಿ ಅಚ್ಚಾಗಿತ್ತು.
ಇನ್ನೂರ ಅರವತ್ತು ಉಗ್ರಾಣದಲ್ಲಿ, ಸುತ್ತಿದ ಸುತಳಿ ಬಿಚ್ಚದೆ.
ಕಲಬುರಗಿಯಲ್ಲಿ ಇಪ್ಪತ್ತೆರಡು ವರ್ಷದಿಂದ
ಕರಡು ತಿದ್ದುವವ ನಾನು;
ಒತ್ತಕ್ಷರ, ದೀರ್ಘ, ಅಲ್ಪವಿರಾಮ
ಇಷ್ಟೇ ನನ್ನ ಹೊಲ.

ಜಗದೇವಿಯ ಪಿಎಚ್.ಡಿ. ಅದು. ಶಹಾಬಾದಿನ ಕಡೆ
ಕಲ್ಲುಗಣಿಗಳ ಅಂಚಿನಲ್ಲಿ ಆರು ಬೇಸಗೆ ನಡೆದು
ಧೂಳು ನುಂಗಿದವರ ಲೆಕ್ಕ ಬರೆದಿದ್ದಳು.
ಮೊದಲ ಕರಡಿನಲ್ಲಿ ಒಂದು ವಾಕ್ಯ
ಹನ್ನೊಂದು ಸಾಲು ನಡೆದು, ಎಲ್ಲೂ ನೀರು ಕೇಳದೆ,
"ಎಂದು ಕಂಡುಬಂದಿರುತ್ತದೆ" ಎಂಬಲ್ಲಿ ಕುಸಿದು ಕೂತಿತ್ತು.
ಯಾರಿಗೆ ಕಂಡುಬಂತು ತಾಯಿ? ಅಂತ ಅಂಚಿನಲ್ಲಿ ಕೇಳಿದೆ.
ಮರುದಿನ ನನ್ನ ಕೆಂಪಿನ ಕೆಳಗೆ ಅವಳ ನೀಲಿ: "ನನಗೆ."
ನನ್ನ ಮಟ್ಟಿಗೆ ಪುಸ್ತಕ ಅವತ್ತೇ ಬಿಡುಗಡೆಯಾಯಿತು.
ಶಾಲು, ಹಾರ, ಪುಟ ತೆರೆಯದೆ ಹೊಗಳಿದ ಅತಿಥಿ
ಆಮೇಲಿನ ಮಾತು.

ಒಂದು ಪ್ರತಿ ಹೇಗೋ ಪ್ಯಾಸೆಂಜರ್ ಹತ್ತಿ
ಸಾಯಬಣ್ಣನ ಚಾದ ಅಂಗಡಿ ಸೇರಿತು.
ಸಂಜೆ ಕೆಲಸ ಬಿಟ್ಟ ಮೇಲೆ ಮಸ್ತಾನ ಓದುವುದು,
ಉಳಿದವರು ಸೂಸಲಾ ತಿನ್ನುತ್ತ ತಡೆಯುವುದು:
"ನಿಂದ್ರು. ಅದು ಸುಳ್ಳು."
"ನಿಂದ್ರು. ಅದು ಖರೆ, ಮತ್ತೊಮ್ಮೆ ಓದು."
ಅಡಿಟಿಪ್ಪಣಿ ಬಂದಾಗ ಯಾರೂ ಅಗಿಯುತ್ತಿರಲಿಲ್ಲ.
ಅಲ್ಲಿ ಅವರವರ ಮಾವ, ಅಕ್ಕ, ಪಕ್ಕದ ಮನೆಯವರು
ಸಣ್ಣ ಅಕ್ಷರದಲ್ಲಿ ಮಾತಾಡುತ್ತಿದ್ದರು.

ನೂರ ಹನ್ನೆರಡನೇ ಪುಟ. ಕೆಳಗಿನ ಓಣಿ: ಸತ್ತವರು ಏಳು.

ನಾಗೂಬಾಯಿ ಪುಸ್ತಕವನ್ನು ಬ್ಯಾಳಿಚೀಲದಲ್ಲಿ ಸುತ್ತಿಕೊಂಡು
ನಮ್ಮ ಕಚೇರಿಗೇ ಬಂದಳು.
"ಏಳಲ್ರಿ, ಎಂಟು. ಕೊನಿಗಾಲಕ್ಕ ಅವರವ್ವನ ಊರಿಗೆ ಒಯ್ದಿದ್ದೆ.
ಅಲ್ಲಿ ಸತ್ತರ ಈ ಓಣಿ ಮನಷ್ಯಾ ಅಲ್ಲೇನು?"
ನಿರ್ದೇಶಕರು ಕನ್ನಡಕ ಒರೆಸಿದರು: ಇದು ಅಚ್ಚಿನ ದೋಷವಲ್ಲ,
ಸಂಶೋಧನೆಯದು; ಎರಡನೇ ಮುದ್ರಣವಾದರೆ ನೋಡೋಣ.
ಜಗದೇವಿ ನೆಲದ ಮೇಲೆ, ಅವಳ ಪಕ್ಕ ಕೂತು
ಪೆನ್ನಿನ ಟೊಪ್ಪಿಗೆ ತೆಗೆದಳು.

ಹೀಗೆ ಒಂದು ಒಪ್ಪೋಲೆ. ಎರಡು ಬೆರಳಗಲ ಕಾಗದ.
ಅಂಟಿಸಲು ಎಲ್ಲ ಕಟ್ಟಿನ ಸುತಳಿ ಬಿಚ್ಚಬೇಕಾಯಿತು.
ಬಿಚ್ಚಿದ್ದೇ ನೆಪ: ಸೇಡಂನಿಂದ ಹತ್ತು ಬೇಕಂತೆ,
ಚಿತ್ತಾಪುರದಿಂದ ನಾಲ್ಕು, ದುಡ್ಡು ಆಮೇಲೆ.

ತಹಸೀಲಿನ ಅಹವಾಲು ಸಭೆಯಲ್ಲಿ ಗಣಿಯವರ ವಕೀಲರು
ಆ ಚೀಟಿಯನ್ನೇ ಎತ್ತಿ ಹಿಡಿದರಂತೆ:
"ನೋಡಿ, ತಪ್ಪಿದೆ ಅಂತ ಇವರ ಪುಸ್ತಕವೇ ಒಪ್ಪಿಕೊಂಡಿದೆ!"
ಹಿಂದಿನ ಸಾಲಿನಿಂದ ಮಸ್ತಾನ:
"ಹೌದ್ರಿ, ಒಪ್ಪಿಕೊಂಡದ. ನಿಮ್ಮ ಹಾಜರಿ ಬುಕ್ಕಿನ ಒಪ್ಪೋಲೆ
ಎಲ್ಲಿ ಅಂಟಿಸೀರಿ, ತೋರಸ್ರಿ."
ಸಭೆ ಮುಂದಿನ ತಿಂಗಳಿಗೆ ಹೋಯಿತು.
ಆ ತಿಂಗಳೂ ಮುಂದಕ್ಕೆ.

ಮೊನ್ನೆ ಒಂದು ಪೋಸ್ಟ್‌ಕಾರ್ಡು, ನನ್ನ ಹೆಸರಿಗೆ.
ಬರೆದದ್ದು ಮಸ್ತಾನ, ಹೇಳಿದ್ದು ನಾಗೂಬಾಯಿ:
"ಚೀಟ್ಯಾಗ ಹನುಮಂತ ಅಂತ ಅದ. ನನ್ನ ಗಂಡ ಹಣಮಂತ.
ಈ ಹನುಮಂತ ಯಾರ್ರಿ?"

ಕರಡು ತೆಗೆದು ನೋಡಿದೆ.
ಜಗದೇವಿ ಸರಿಯಾಗಿಯೇ ಬರೆದಿದ್ದಳು.
ಣಕಾರದ ಮೇಲೆ ಕೆಂಪು ಗೀಟು ನನ್ನದು.
ನನ್ನ ಅಣ್ಣನ ಮಗನೂ ಹಣಮಂತನೇ,
ಮನೆಯಲ್ಲಿ ನಾನೂ ಹಾಗೇ ಕರೆಯುವುದು.

ಗೋಂದಿನ ಬಾಟಲಿ
ಇನ್ನೂ ಒಣಗಿರಲಿಲ್ಲ.