ಸೀಗೆಹಟ್ಟಿಯ ವೈಂಡಿಂಗ್‌ನವನು ಮಿಕ್ಸಿ ಕೊಂಡದ್ದು

ಇಪ್ಪತ್ತೆರಡು ವರ್ಷದಿಂದ ಶಿವಮೊಗ್ಗದ ಮಿಕ್ಸಿಗಳು
ನನ್ನ ಮುಂದೆ ಹೊಟ್ಟೆ ಬಿಚ್ಚಿ ಮಲಗಿವೆ.
ದುರ್ಗಿಗುಡಿಯವರದು ದೋಸೆ ಹಿಟ್ಟಿಗೆ ಸುಟ್ಟದ್ದು,
ವಿದ್ಯಾನಗರದವರದು ಒಣ ಅರಿಸಿನದ ಕೊಂಬಿಗೆ,
ಹಾಸ್ಟೆಲಿನದು ಯಾವುದಕ್ಕೋ, ಹಾಸ್ಟೆಲಿನವರಿಗೂ ಗೊತ್ತಿಲ್ಲ.
ಸುಟ್ಟ ವಾರ್ನಿಶ್ ಮೂಸಿ ಹೇಳಬಲ್ಲೆ
ಅವತ್ತು ಮನೆಗೆ ನೆಂಟರು ಬಂದಿದ್ದರೋ ಇಲ್ಲವೋ.
ನಮ್ಮ ಮನೆಯಲ್ಲಿ ಮಾತ್ರ ಮಿಕ್ಸಿ ಇರಲಿಲ್ಲ.
"ಅಂಗಡಿಯ ಗದ್ದಲ ಅಂಗಡಿಯಲ್ಲೇ ಇರಲಿ,
ನನಗೆ ಒರಳು ಸಾಕು" ಎನ್ನುತ್ತಿದ್ದಳು ವಿನುತ.

ಹೊಳೆಹೊನ್ನೂರು ರಸ್ತೆಯ ಹಂಪಿಗೆ ಬಣ್ಣ ಬಳಿದಿರಲಿಲ್ಲ.
ಸ್ಕೂಟರಿಗೆ ಏನೂ ಆಗಲಿಲ್ಲ.
ಅವಳ ದವಡೆ ಎರಡು ಕಡೆ.
ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು
ಆರು ವಾರ ಎಂದರು ಡಾಕ್ಟರು.
ತಂತಿ ಸುತ್ತುವ ಕೆಲಸ ನನ್ನದು,
ಸುತ್ತಿದ್ದನ್ನು ನೋಡಿದೆ, ಚೆನ್ನಾಗಿಯೇ ಸುತ್ತಿದ್ದರು.
ಪಥ್ಯದ ಹುಡುಗಿ ಚೀಟಿ ಬರೆದುಕೊಟ್ಟಳು:
ಗ್ರೀನ್ ಸ್ಮೂದಿ, ದಿನಕ್ಕೆ ಎರಡು ಲೋಟ, ಸ್ಟ್ರಾ ಹಾಕಿ.
ವಿನುತ ಪೆನ್ನು ಕಿತ್ತುಕೊಂಡು ಅದರ ಬೆನ್ನಿಗೆ ಬರೆದಳು:
"ತಂಬುಳಿಗೆ ಪ್ಯಾಂಟು ತೊಡಿಸಿದ್ದಾರೆ."

ಮೊದಲ ದಿನ ಒರಳಲ್ಲೇ ಅರೆದೆ ಒಂದೆಲಗ.
ನುಣ್ಣಗಾಯಿತು ಅಂದುಕೊಂಡದ್ದು ನಾನು.
ಒಂದು ನಾರು, ಕೂದಲಿಗಿಂತ ಸಣ್ಣದು,
ತಂತಿಗೂ ಹಲ್ಲಿಗೂ ನಡುವೆ ಸಿಕ್ಕಿಕೊಂಡಿತು.
ಬ್ಯಾಟರಿ ಹಿಡಿದು, ಕಾಯಿಲ್ ಎಳೆಯುವ ಚಿಮಟದಲ್ಲಿ
ಅರ್ಧ ಗಂಟೆ ಹುಡುಕಿದೆ.
ಅವಳು ಅಳಲಿಲ್ಲ. ಬೈಯಲಿಲ್ಲ,
ಬೈಯುವ ಹಾಗಿರಲಿಲ್ಲ.
ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

ನೆಹರೂ ರಸ್ತೆಯ ಅಂಗಡಿಯಲ್ಲಿ ತೌಸೀಫ್ ನಕ್ಕ:
"ಹಳೇದು ರಿಪೇರಿ ಮಾಡಿ ಮಾಡಿ
ಹೊಸದು ಹೋಗದ ಹಾಗೆ ಮಾಡಿದವರು,
ನೀವೂ ಬಂದ್ರಾ ಕೊಳ್ಳೋಕೆ?"
ಸಾವಿರ ವಾಟಿನ ಕೆಂಪನ್ನು ಇಳಿಸಿದ, ಆರೂವರೆ ಸಾವಿರ.
ಮಲ್ಲಿಗೆ ಬಳ್ಳಿ ನೆಡಲು ಜೆಸಿಬಿ ಯಾಕಪ್ಪ?
ಬಾಟಲಿಯಂಥದ್ದೊಂದು, ನೋಡಲು ಚಂದ:
ಕೆಳಗೆ ಬ್ಲೇಡು ಸುತ್ತುತ್ತದೆ, ಮೇಲೆ ಸೊಪ್ಪು ಕೂತಿರುತ್ತದೆ,
ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟ ಓರಗಿತ್ತಿಯರ ಹಾಗೆ.
ಇನ್ನೊಂದರ ಚೀಟಿಯ ಮೇಲೆ ತಾಮ್ರ;
ಎತ್ತಿದರೆ ಕೈಗೆ ತಿಳಿಯಿತು, ಒಳಗೆ ಅಲ್ಯೂಮಿನಿಯಂ.

ಮೂಲೆಯಲ್ಲಿತ್ತು ಆಸ್ಪತ್ರೆಯ ಗೋಡೆ ಬಣ್ಣದ್ದು,
ಐನೂರು ವಾಟು, ಸಾವಿರದ ಒಂಬೈನೂರ ಐವತ್ತು.
ಬೋರಲು ಹಾಕಿದೆ, ಕಪ್ಲರನ್ನು ಬೆರಳಲ್ಲಿ ತಿರುಗಿಸಿದೆ.
ಬುಷ್ಷು ತುಸು ಸಡಿಲ.
ಇದು ಒಂಬತ್ತು ತಿಂಗಳಿಗೆ ಕೈಕೊಡುತ್ತದೆ,
ಯಾವುದೋ ಹಬ್ಬದ ಬೆಳಿಗ್ಗೆ, ಕಪ್ಲರಿನಿಂದ ಶುರು.
ಆಮೇಲೆ ಕಾರ್ಬನ್, ಆಮೇಲೆ ಸ್ವಿಚ್ಚು.
ಒಂದೊಂದಾಗಿ ಸಾಯುವ ಅದರ ಅಂಗಗಳೆಲ್ಲ
ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿವೆ.
ಕೆಡದೇ ಇರುವುದನ್ನು ಕೊಳ್ಳುವಷ್ಟು ದುಡ್ಡು ಇರಲಿಲ್ಲ.
ಇದು ಎಲ್ಲಿ ಕೆಡುತ್ತದೆಂದು ಗೊತ್ತಿತ್ತು.

ಆದರೂ ಜೇಬಿನಿಂದ ಸೊಪ್ಪು ತೆಗೆದೆ.
"ನೀರು ಹಾಕಿ ತೋರಿಸೋ ಹಾಗಿಲ್ಲ ಅಣ್ಣಾ"
ಅನ್ನುತ್ತಲೇ ತೌಸೀಫ್ ತನ್ನ ಬಾಟಲಿ ಕೊಟ್ಟ.
ಮೊದಲು ಎರಡೇ ಚಮಚ ನೀರು, ಎಲೆ ಮುದ್ದೆಯಾಗುವ ತನಕ,
ಆಮೇಲೆ ಉಳಿದದ್ದು.
ಎಳನೀರಿನ ಗಾಡಿಯಿಂದ ಸ್ಟ್ರಾ ತಂದು
ಹಲ್ಲು ಕಚ್ಚಿ ನಿಂತೆ ಕೌಂಟರಿನ ಮುಂದೆ.
ಹಲ್ಲು ಬಿಡದೆ ಎಳೆದೆ, ಕೆನ್ನೆ ಗುಳಿ ಬೀಳುವಂತೆ.
ಫ್ರಿಜ್ ನೋಡಲು ಬಂದ ದಂಪತಿ ಫ್ರಿಜ್ ಬಿಟ್ಟು ನನ್ನನ್ನು ನೋಡಿದರು.
ಮಧ್ಯದಲ್ಲಿ ಎಲ್ಲೂ ಸಿಕ್ಕಲಿಲ್ಲ.
ಹೀಗಾ ನೀನು ಕುಡಿಯುವುದು, ಅಂದುಕೊಂಡೆ,
ಇಷ್ಟು ಕಷ್ಟಕ್ಕಾ.
"ಪ್ಯಾಕ್ ಮಾಡು" ಎಂದೆ, ಹಲ್ಲು ಬಿಡುವುದನ್ನು ಮರೆತು;
ತೌಸೀಫನಿಗೆ ಅರ್ಥವಾಗಲಿಲ್ಲ.

ಮನೆಯಲ್ಲಿ ಸ್ವಿಚ್ಚು ಒತ್ತಿದಾಗ
ಅವಳು ಎರಡೂ ಕಿವಿ ಮುಚ್ಚಿಕೊಂಡಳು.
ಲೋಟ ಹಿಡಿದಳು. ಸ್ಟ್ರಾದಲ್ಲಿ ಹಸಿರು ಏರಿತು,
ಒಮ್ಮೆ ನಿಂತಿತು, ಮತ್ತೆ ಏರಿತು.
ನಾನು ಬ್ಯಾಟರಿ, ಚಿಮಟ ಹಿಡಿದು ಕಾದೆ.
ಬೇಡ ಎಂಬಂತೆ ಕೈಯಾಡಿಸಿ ಪೆನ್ನು ಕೇಳಿದಳು.
ಅದೇ ಚೀಟಿ, ಉಳಿದಿದ್ದ ಅಂಚಿನಲ್ಲಿ ಒಂದೇ ಮಾತು,
ಅಡಿಗೆರೆ ಎರಡು ಸಲ, ಕಾಗದ ಹರಿಯುವಷ್ಟು ಒತ್ತಿ:
ಉಪ್ಪು.