ಫಕೀರವ್ವನ ಕೋರು

ಉದ್ಯಮಬಾಗದ ನಮ್ಮ ಫೌಂಡ್ರಿಯ ಗೇಟಿನೊಳಗೆ
ಖಂಡೆಪೂಜೆಯ ದಿನ ಒಂದು ಬೋರ್ಡು ನಿಂತಿತು.
ಪುಣೆಯಿಂದ ಬಂದವರು ಆರಿಸಿಕೊಟ್ಟ ನಾಲ್ಕು ಮಾತು:
ಸತ್ಯ, ಸುರಕ್ಷೆ, ಗುಣಮಟ್ಟ, ಗೌರವ.
ಕನ್ನಡ ಮೇಲೋ ಮರಾಠಿ ಮೇಲೋ ಎಂದು
ಎರಡು ತಿಂಗಳು ನಡೆದ ಜಗಳದಲ್ಲಿ
ಆ ಮಾತುಗಳ ಅರ್ಥ ಏನೆಂದು
ಯಾರೂ ಯಾರನ್ನೂ ಕೇಳಲಿಲ್ಲ.
ಕೊನೆಗೆ ಪೇಂಟರ್ ಬರಮಾ ಅಕ್ಕಪಕ್ಕ ಬರೆದ,
ಎರಡು ಬೋರ್ಡಿನ ಕೂಲಿ ತಗೊಂಡ.

ತಲೆಬರಹ: ಕೋರ್ ವ್ಯಾಲ್ಯೂಸ್.
ಕೋರ್ ಶಾಪಿನ ಹೆಂಗಸರು ಓದಿಸಿಕೊಂಡು ನಕ್ಕರು.
"ಕೋರ್ ಅಂದ್ರ ನಮ್ಮ ಕೆಲಸಾ ಅಲ್ಲೇನ್ರಿ?" ಅಂದಳು ಫಕೀರವ್ವ.
"ಉಸುಕು, ಕಾಕಂಬಿ, ಒಂದೀಟು ಎಣ್ಣಿ.
ಕಲಸಿ, ಅಚ್ಚಿಗೆ ತುಂಬಿ, ಒಲ್ಯಾಗ ಸುಟ್ಟು
ಮೋಲ್ಡಿನ ನಡುವ ಇಡೂದು.
ಕಬ್ಬಿಣ ಸುತ್ತ ಹರದು ಗಟ್ಟಿ ಆತಂದ್ರ
ನಮ್ಮ ಕೋರ್ ಬಡದು ಉದುರಿಸಿ ಚೆಲ್ತಾರ.
ಒಳಗ ಉಳಿಯೂದು ಪೊಳ್ಳ."
ಕುಂದಾ ತಿನ್ನುತ್ತಿದ್ದ ಪೋತದಾರ ಸಾಹೇಬರೂ ನಕ್ಕರು,
ಆಮೇಲೆ ನಗು ನಿಲ್ಲಿಸಿದರು.

ನಾನು ತಪಾಸಣೆ ಮೇಜಿನವ.
ಕೈಯಲ್ಲಿ ಸಣ್ಣ ಸುತ್ತಿಗೆ, ಜೇಬಿನಲ್ಲಿ ಸೀಲು.
ಬಡಿದಾಗ ಗಂಟೆಯಂತೆ ಅಂದರೆ ಒಳ್ಳೆಯದು,
ಒಡಕು ಮಡಕೆಯಂತೆ ಅಂದರೆ ಒಳಗೆ ಬಿರುಕು.
ಗಾಳಿತೂತು ಸದ್ದಿಗೆ ಸಿಗುವುದಿಲ್ಲ,
ಕಣ್ಣಿಗೆ ಸಿಗುತ್ತದೆ. ಸಿಕ್ಕರೆ
ಪುಟ್ಟಿ ಇದೆ, ಬೂದು ಬಣ್ಣ ಇದೆ,
ಮಾರ್ಚ್ ತಿಂಗಳೂ ಇದೆ.
ಹನ್ನೆರಡು ವರ್ಷದಲ್ಲಿ ಎಷ್ಟು ತೂತಿನ ಮೇಲೆ
ನನ್ನ ಸೀಲು ಒಣಗಿದೆಯೋ ಲೆಕ್ಕ ಇಟ್ಟಿಲ್ಲ.
ಬೋರ್ಡು ಬಂದ ಮೇಲೂ ಅಷ್ಟೇ,
ದಿನಾ ಅದರ ನೆರಳಲ್ಲೇ ಸ್ಕೂಟರ್ ನಿಲ್ಲಿಸುತ್ತಿದ್ದೆ.

ಮಾರ್ಚ್ ಇಪ್ಪತ್ತೊಂಬತ್ತು. ಲಾರಿ ತುಂಬಿತ್ತು,
ನಲವತ್ತು ಪಂಪ್ ಕವಚ.
ಹನ್ನೊಂದರ ಮೇಲೆ ಪುಟ್ಟಿ ಇನ್ನೂ ಹಸಿ.
ಡ್ರೈವರ್ ಕ್ಲೀನರನಿಗೆ ಹಗ್ಗ ಬಿಗಿ ಅನ್ನುತ್ತಿದ್ದ.
ಆಗ ಬಂದಳು ಫಕೀರವ್ವ, ಸೆರಗಿಗೆ ಕೈ ಒರೆಸುತ್ತ,
ಯಾರೂ ಕರೆದಿರಲಿಲ್ಲ.
"ಮೊನ್ನಿ ರಾತ್ರಿ ಕರೆಂಟ್ ಹೋಗಿ ಒಲಿ ಆರಿತ್ರಿ.
ಕೋರ್ ಹಸಿ ಇದ್ದೂವು. ನನಗ ಗೊತ್ತಿತ್ತು.
ಮನಿಗೆ ಹೊತ್ತಾಗ್ತದಂತ ಹಂಗ ಕೊಟ್ಟೆ.
ಹನ್ನೊಂದು. ನನ್ನ ಹೆಸರ್ಲೆ ಬರಕೋರಿ."

ಸಾಹೇಬರು ಬೋರ್ಡಿನ ಕಡೆ ನೋಡಲಿಲ್ಲ
(ಕಥೆಯಲ್ಲಾದರೆ ನೋಡುತ್ತಿದ್ದರು).
ಗಡಿಯಾರ ನೋಡಿದರು, ಲಾರಿ ನೋಡಿದರು,
ನನ್ನ ಕೈಯ ಸೀಲು ನೋಡಿದರು.
"ಇಳಸ್ರಿ" ಅಂದರು. ಬೈದಂತೆ ಅಂದರು.
ಆಮೇಲೆ ವಾರವಿಡೀ ಯಾರೊಡನೆಯೂ ನೆಟ್ಟಗೆ ಮಾತಿಲ್ಲ.
ತಡವಾದದ್ದಕ್ಕೆ ದಂಡ ಬಿತ್ತು.
ಶನಿವಾರ ಪಗಾರದ ಲಕೋಟೆ ಒಡೆದು
ಫಕೀರವ್ವ ಮೂರು ಸಲ ಎಣಿಸಿದಳು.
ಒಂದು ರೂಪಾಯಿ ಕಡಿಮೆ ಇರಲಿಲ್ಲ.
ಸೋಮವಾರ, ಒಲೆ ಆರಿದರೆ ಕೂಗುವ ಗಂಟೆ ಬಂತು,
ಹೊತ್ತಾದವರನ್ನು ಪೀರನವಾಡಿಗೆ ಬಿಡಲು ಒಂದು ಟೆಂಪೊ.

ಹದಿನೈದು ದಿನಕ್ಕೆ ರಾತ್ರಿ ಪಾಳಿಯ ಹುಡುಗ ದಸ್ತಗೀರ
ಮುರಿದ ಗೇಜೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದ.
"ನನ್ನ ಕೈಯಾಂದು ಬಿತ್ರಿ."
ಹಿಂದೆ ಅಂಥವು ಉಸುಕಿನ ಗುಡ್ಡೆಯಲ್ಲಿ ಸಿಗುತ್ತಿದ್ದವು,
ಯಾರವೂ ಅಲ್ಲದೆ.

ಮಳೆಗಾಲಕ್ಕೆ ತಗಡು ತುಕ್ಕು ಹಿಡಿಯಿತು.
ಗೌರವದ ಗೌ ಉದುರಿ ರವ ಉಳಿಯಿತು,
ಕ್ಯಾಂಟೀನಿನವರಿಗೆ ಉಪ್ಪಿಟ್ಟಿನ ಜೋಕು.
ಮತ್ತೆ ಬರೆಯಲೇ ಎಂದ ಬರಮಾ.
ಫಕೀರವ್ವನ ಕೇಳು ಅಂದರು ಸಾಹೇಬರು.
"ಇರಲಿ ಬಿಡ್ರಿ. ಕೋರ್ ಉದರೂದ ಐತಿ.
ಅದು ಬಿಟ್ಟ ಪೊಳ್ಳಿನಾಗ ಹಾದ ಅಲ್ಲೇನು
ನೀರು ಮ್ಯಾಲ ಏರೂದು?"

ನನ್ನ ಸೀಲು ಈಗ ಜೇಬಿನಲ್ಲಿಲ್ಲ, ಮೇಜಿನ ಮೇಲಿದೆ.
ಆದರೆ ಅದರ ಹಳೆಯ ಗುರುತು ಹೊತ್ತ ಪಂಪುಗಳು
ಮಲಪ್ರಭೆಯ ದಂಡೆಗೋ ಘಟಪ್ರಭೆಯ ದಂಡೆಗೋ
ಸಣ್ಣಗೆ ಸೋರುತ್ತಿರಬಹುದು.
ಅವನ್ನು ಯಾರ ಹೆಸರಲ್ಲಿ ಬರೆದುಕೊಳ್ಳಬೇಕೆಂದು
ಫಕೀರವ್ವ ಇನ್ನೂ ಕೇಳಿಲ್ಲ.
ಅವಳು ಕೇಳಲಿ ಎಂದು ಕಾಯುವುದೂ
ಒಂದು ಬಗೆಯ ಪುಟ್ಟಿಯೇ.