ಹತ್ತೊಂಬತ್ತು ಮಂದಿಗಿ ಒಂದು

ವಾಡಿಯಿಂದ ಬಂದ ಡಬ್ಬಿ ಬಿಚ್ಚೂದ್ರಾಗ
ಹತ್ತೊಂಬತ್ತು ತಲಿ ನನ್ನ ತೊಡಿ ಮ್ಯಾಲ.
ನನಗ ಬೇಕು ಅಂತ ಮೊದಲ ಅತ್ತಂವ ರೇವಣಸಿದ್ಧ.
ಅವಗ ಟ್ಯಾಬ್ ಬೇಕಿರಲಿಲ್ಲ,
ಖಾಲಿ ಡಬ್ಬಿ ಬಸ್ ಆಗತದ.

ಟ್ರೇನಿಂಗಿನ್ಯಾಗ ಹೇಳಿದ್ರು:
ದಿನಾ ಇಪ್ಪತ್ತು ನಿಮಿಷ, ಗುಂಪಿಗಿ ನಾಕು ಮಂದಿ, ಫೋಟೊ ಕಳಸ್ರಿ.
ಬರಕೊಂಡೆ.
ಬರಕೊಳ್ಳಲಾರದ್ದು ಇಲ್ಲಿ ಬಂದು ಕಲತೆ.
ಬೆಲ್ಲ ಹತ್ತಿದ ಬೆರಳಿನ ಮಾತು ಅದು ಕೇಳಂಗಿಲ್ಲ.
ಹನ್ನೊಂದಕ್ಕ ಕರೆಂಟ್ ಹೋಗತದ.
ಅಳೂ ಕೂಸಿನ ಕೈಯಾಗ ಕೊಟ್ರ
ಅಳೂದು ನಿಲ್ಲತದ, ಕೂಸೂ ನಿಲ್ಲತದ.
ಹಾಂಗ ನಿಂತ ಮಾರಿ ಒಂದ್ ಸಲ ನೋಡೀನಿ.
ಮತ್ತ ಕೊಟ್ಟಿಲ್ಲ.

'ಮ' ಒತ್ತಿದ್ರ ಅದರಾಗ ಒಂದು ಮನಿ ಬರತದ,
ಕೆಂಪು ಹಂಚು, ಹೊಗಿ ಕೊಳವಿ, ಸುತ್ತ ಹೂವು.
"ಇದು ಯಾರ ಮನಿ?" ಫರ್ಹೀನ್ ಕೇಳಿದ್ಲು.
ನನಗೂ ಗೊತ್ತಿರಲಿಲ್ಲ.
ಅವತ್ತೇ ಎಲ್ಲಾರನೂ ಹೊಂಡಿಸಿದೆ.
ಟ್ಯಾಬ್ ಎದಿಗಿ ಅವಚಿಕೊಂಡು ನಡೀಲಿಕ್ಕ ಪಾಳಿ,
ತಾಂಡಾದ ತನಕ ಬಾಗಿಲಿಗೊಂದು ಫೋಟೊ:
ಫರಸಿ ಗ್ವಾಡಿ, ಫರಸಿ ಮಾಳಗಿ,
ಹೊಸ್ತಿಲದಾಗ ಕಟ್ಟಿದ ಆಡು,
ಒಂದರಾಗ ಬರೇ ಯಾರದೋ ಮೊಣಕಾಲು.
ಮರುದಿನ 'ಮ' ಅಂದ್ರ ಹತ್ತೊಂಬತ್ತು ಮನಿ.
ಮೊಣಕಾಲಿಂದು ತಗೀಬ್ಯಾಡ್ರಿ ಟೀಚರ್, ಅಂದ್ರು.
ಬಿಟ್ಟೆ.

ಜಯವಂತಿ ತಾಂಡಾದ ಕೂಸು.
ಬಂದು ಎರಡು ತಿಂಗಳಾದ್ರೂ ಬಾಯಿ ಬಿಟ್ಟಿರಲಿಲ್ಲ.
ಧ್ವನಿ ತುಂಬಿಕೊಳ್ಳೂ ಕೆಂಪು ಚುಕ್ಕಿ ಒತ್ತಿ
ಆಕಿ ಮುಂದಿಟ್ಟು
ನಾ ತೊಗರಿ ಬ್ಯಾಳಿ ಹಸನ ಮಾಡಲಿಕ್ಕ ಕುಂತೆ,
ಆಕಿ ಕಡಿ ನೋಡಲಾರದಂಗ.
ಭಾಳ ಹೊತ್ತು ಬರೇ ಗಾಳಿ,
ದೂರ ಖಣಿಯಾಗ ಕಲ್ಲು ಕೊಯ್ಯೂ ಮಿಷಿನ್.
ಆಮ್ಯಾಲ, ಅಷ್ಟ ಸಣ್ಣಗ: ಬಾಟಿ.
ತಿರಗಿ ಹಚ್ಚಿದೆ. ಬಾಟಿ.
ಆಕಿ ಟ್ಯಾಬ್ ಹೊಳ್ಳಿಸಿ ಹಿಂದ ನೋಡಿದ್ಲು,
ಯಾರು ಕುಂತಾರಂತ.
ಮೂರನೇ ಸಲಕ್ಕ ಬಸ್ ಬಿಟ್ಟು ಬಂದ ರೇವಣಸಿದ್ಧ:
ಅದಕ್ಕ ರೊಟ್ಟಿ ಅಂತಾರ.
ಫರ್ಹೀನ್: ಅಲ್ಲ, ರೋಟಿ.
ಮೂವರೂ ಜಗಳಾಡಿದ್ರು.
ನಾಕೂವರಿ ವರ್ಷದ ಜಯವಂತಿ ಜಗಳಾಡಿದ್ಲು!
ಬ್ಯಾಳಿ ಮರ ನನ್ನ ಕೈಯಿಂದ ಜಾರಿತು.

ಸೂಪರ್‌ವೈಸರ್ ಮೇಡಂ ಫೋನ್ ಹಚ್ಚಿದ್ರು:
ನಿಮ್ಮ ಸೆಂಟರಿಂದು ನಾಕನೇ ಪಾಠ ಯಾಕ ಮುಗದಿಲ್ಲ?
ಅವರ ಪಟ್ಟಿಯಾಗ ಬಾಟಿಗಿ ಕಾಲಂ ಇಲ್ಲ.
ಮುಗಸ್ತೀನ್ರಿ ಮೇಡಂ, ಅಂದೆ.

ಇವತ್ತ ಚಾರ್ಜ್ ಇಲ್ಲ.
ಕರೀ ಗಾಜಿನ್ಯಾಗ ಮಾರಿ ನೋಡಿಕೊಂಡು
ಜಯವಂತಿ ತಾನೇ ಅದನ್ನ ಕಪಾಟಿನ್ಯಾಗ ಇಟ್ಲು.
ಬಾಗಿಲ ಕಡಿ ಬಿಸಲು ಬಿದ್ದ ಫರಸಿ ಮ್ಯಾಲ
ಬೆರಳು ಸರಿಸಿ ನೋಡಿದ್ಲು.
ಏನೂ ತಿರಗಲಿಲ್ಲ.
ಚರಗಿಯಾಗ ಬೆರಳದ್ದಿ ಮತ್ತ ಸರಿಸಿದ್ಲು.
ಕಲ್ಲು ಕಪ್ಪಾಗಿ ಒಂದು ಗೆರಿ ಎದ್ದಿತು.
'ಮ'ದ ಕಡೀ ಡೊಂಕು ಮುಟ್ಟೂದ್ರಾಗ
ಮೊದಲಿನ ಸುತ್ತು ಒಣಗಿತ್ತು.
ಮತ್ತ ಅದ್ದಿದ್ಲು.

ಸಹಾಯಕಿ ಮೈರುನ್ನಿಸಾ ಅರಬಿ ಹಿಡಕೊಂಡು ಬಂದು
ನೆಲ ಒರಸ್ಲೇನು, ಅಂದ್ಲು.
ಬ್ಯಾಡ, ಬಿಸಲು ಒರಸತದ.
ನೀ ಅಷ್ಟು ಚರಗಿ ತುಂಬಿಡು.